ಕಾರ್ಟ್‌ಮನ್‌ನ ಶಿಷ್ಯರು

2009ರ ನವೆಂಬರ್ 20. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಕಲಬಾಸಸ್ ಎಂಬ ಊರಿನ ಮಾಧ್ಯಮಿಕ ಶಾಲೆಯೊಂದರಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬನನ್ನು ಅವನ ಜೊತೆಯ ಹುಡುಗರೇ ಸುತ್ತುಗಟ್ಟಿ ಹೊಡೆದರು, ಒದ್ದರು. ಅವನೇನೂ ತಪ್ಪು ಮಾಡಿರಲಿಲ್ಲ. ಅವನ ತಲೆಗೂದಲು ಕೆಂಪಗಿತ್ತು, ಅಷ್ಟೇ. ಅಂದು ‘ಜಿಂಜರ್‌ಗಳನ್ನು ಒದೆಯುವ ದಿನ’ ಎಂಬ ಸಂದೇಶ ಫೇಸ್‌ಬುಕ್ಕಿನಲ್ಲಿ ಹುಡುಗರ ನಡುವೆ ಓಡಾಡಿತ್ತು. ಜಿಂಜರ್ ಎಂದರೆ ಶುಂಠಿ. ಕೆಂಪು ಕೂದಲು, ಬಿಳಿಚಿದ ಮೈ, ಮುಖದ ತುಂಬ ಕಂದು ಚುಕ್ಕೆ ಇರುವವರಿಗೆ ಇಂಗ್ಲಿಷ್ ಮಾತಾಡುವ ನಾಡುಗಳಲ್ಲಿ ಇಟ್ಟಿರುವ ಅಡ್ಡಹೆಸರು ಅದು. ನಮ್ಮ ಹಳ್ಳಿಗಳಲ್ಲಿ ‘ಕೆಂಚ’ ಎನ್ನುವುದಿಲ್ಲವೇ, ಹಾಗೆ. ಪೊಲೀಸರು ತನಿಖೆ ನಡೆಸಿ ಕೆಲವು ಹುಡುಗರನ್ನು ಹಿಡಿದರು. ಅವರೂ ಹನ್ನೆರಡು ಹದಿಮೂರರ ಪ್ರಾಯದವರೇ.

ಅದಕ್ಕೂ ಒಂದು ವರ್ಷ ಮೊದಲು, 2008ರ ನವೆಂಬರಿನಲ್ಲಿ ಕೆನಡಾದಲ್ಲಿ ಇದೇ ಹೆಸರಿನ ಫೇಸ್‌ಬುಕ್ ಗುಂಪೊಂದು ಹುಟ್ಟಿ, ಸಾವಿರಾರು ಮಂದಿ ಅದರೊಳಗೆ ಸೇರಿದ್ದರು. ಕೆಂಪು ಕೂದಲಿನ ಮಕ್ಕಳು ಏಟು ತಿಂದು ಮನೆಗೆ ಬಂದ ವರದಿಗಳು ಅಲ್ಲಿಯೂ ಬಂದವು. ಕಲಬಾಸಸ್‌ನ ಘಟನೆ ನಡೆದ ವಾರದಲ್ಲೇ ಫ್ಲಾರಿಡಾದ ನೇಪಲ್ಸ್ ಊರಿನ ಒಂದು ಶಾಲೆಯ ಮಕ್ಕಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಯಹೂದಿಯನ್ನು ಒದೆಯುವ ದಿನ’ ಆಚರಿಸಿದರು. ಹತ್ತು ಮಂದಿ ವಿದ್ಯಾರ್ಥಿಗಳಿಗೆ ಶಿಕ್ಷೆಯಾಯಿತು. ಕೆಂಚನಿಂದ ಯಹೂದಿಗೆ ಹೋಗಲು ಬಹಳ ದೂರವೇನೂ ನಡೆಯಬೇಕಾಗಲಿಲ್ಲ.

ಇವೆಲ್ಲದರ ಮೂಲ 2005ರ ನವೆಂಬರ್ 9ರಂದು ‘ಸೌತ್ ಪಾರ್ಕ್’ ಎಂಬ ಕಾರ್ಟೂನ್ ಧಾರಾವಾಹಿಯಲ್ಲಿ ಪ್ರಸಾರವಾದ ‘ಜಿಂಜರ್ ಕಿಡ್ಸ್’ ಎಂಬ ಕಂತು. ಪತ್ರಿಕೆಗಳು ಹಾಗೆಂದು ಬರೆದವು, ತಾಯ್ತಂದೆಗಳು ಹಾಗೆಂದರು. ಅದು ಸುಳ್ಳೂ ಅಲ್ಲ. ಆದರೆ ಆ ಕಂತನ್ನು ಪೂರ್ತಿ ನೋಡಿದವರಿಗೆ ಒಂದು ವಿಚಿತ್ರ ಕಾಣುತ್ತದೆ. ಬಣ್ಣ ನೋಡಿ ಮನುಷ್ಯನನ್ನು ದ್ವೇಷಿಸುವುದು ಎಂಥ ಮೂರ್ಖತನ ಎಂದು ಹೇಳುವುದಕ್ಕೇ ಆ ಕತೆಯನ್ನು ಹೆಣೆಯಲಾಗಿದೆ. ದ್ವೇಷವನ್ನು ಗೇಲಿ ಮಾಡಲು ಬರೆದ ಕತೆಯನ್ನು ನೋಡಿದ ಹುಡುಗರು ದ್ವೇಷವನ್ನೇ ಆಟವಾಗಿ ಕಲಿತದ್ದು ಹೇಗೆ? ನನಗೆ ಮುಖ್ಯವೆನಿಸುವ ಪ್ರಶ್ನೆ ಇದು. ಬೈಗುಳದ ಪ್ರಶ್ನೆ, ಅಶ್ಲೀಲದ ಪ್ರಶ್ನೆ ಇದರ ಮುಂದೆ ಚಿಕ್ಕವು.

ನೋಡದವರಿಗಾಗಿ ನಾಲ್ಕು ಮಾತು. ಟ್ರೇ ಪಾರ್ಕರ್ ಮತ್ತು ಮ್ಯಾಟ್ ಸ್ಟೋನ್ ಎಂಬಿಬ್ಬರು ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಗೆಳೆಯರಾದವರು. ಬಣ್ಣದ ಕಾಗದ ಕತ್ತರಿಸಿ, ಒಂದೊಂದೇ ಚೌಕಟ್ಟಿನ ಚಿತ್ರ ತೆಗೆದು ಒಂದು ಒರಟು ಕಾರ್ಟೂನ್ ಮಾಡಿದರು. 1995ರಲ್ಲಿ ಟಿ.ವಿ. ಅಧಿಕಾರಿಯೊಬ್ಬರು ಅದರ ಇನ್ನೊಂದು ರೂಪವನ್ನು ಕ್ರಿಸ್‌ಮಸ್ ಶುಭಾಶಯದ ಬದಲಿಗೆ ಗೆಳೆಯರಿಗೆ ಹಂಚಲೆಂದು ದುಡ್ಡು ಕೊಟ್ಟು ಮಾಡಿಸಿದರು. ಅದು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ, ಆಮೇಲೆ ಇಂಟರ್ನೆಟ್ಟಿಗೆ ದಾಟಿತು. ಹೀಗೆ 1997ರ ಆಗಸ್ಟ್ 13ರಂದು ‘ಕಾಮಿಡಿ ಸೆಂಟ್ರಲ್’ ಎಂಬ ಕೇಬಲ್ ಚಾನೆಲ್ಲಿನಲ್ಲಿ ಸೌತ್ ಪಾರ್ಕ್ ಶುರುವಾಯಿತು. ಕೊಲರಾಡೋದ ಹಿಮದ ಊರೊಂದರ ನಾಲ್ವರು ಶಾಲಾ ಹುಡುಗರು ಇದರ ನಾಯಕರು. ಸಾಧು ಸ್ವಭಾವದ ಸ್ಟ್ಯಾನ್. ಯಹೂದಿ ಮನೆತನದ ಕೈಲ್. ಬಡವರ ಮನೆಯ ಕೆನ್ನಿ, ಮೊದಲ ವರ್ಷಗಳಲ್ಲಿ ಹೆಚ್ಚುಕಡಿಮೆ ಪ್ರತಿ ಕಂತಿನಲ್ಲೂ ಸಾಯುತ್ತಿದ್ದವನು. ಮತ್ತು ಎರಿಕ್ ಕಾರ್ಟ್‌ಮನ್. ದಡಿಯ, ಹೊಟ್ಟೆಬಾಕ, ಸುಳ್ಳ, ಯಹೂದಿಗಳನ್ನು ಕಂಡರೆ ಕೆಂಡ ಕಾರುವವನು, ತಾಯಿಯನ್ನು ಆಳಿನಂತೆ ನಡೆಸಿಕೊಳ್ಳುವವನು. ಇಡೀ ಧಾರಾವಾಹಿ ನಡೆಯುವುದೇ ಇವನ ಬಾಯಿಯಿಂದ.

ಈಗ ಆ ಕಂತಿಗೆ ಬರೋಣ. ಕಾರ್ಟ್‌ಮನ್ ತರಗತಿಯ ಮುಂದೆ ನಿಂತು ಒಂದು ‘ವರದಿ’ ಓದುತ್ತಾನೆ. ಕೆಂಪು ಕೂದಲಿನವರಿಗೆ ಒಂದು ರೋಗವಿದೆ, ಅವರಿಗೆ ಆತ್ಮವಿಲ್ಲ, ಬಿಸಿಲು ಕಂಡರೆ ಅವರಿಗಾಗದು ಎನ್ನುತ್ತಾನೆ. ಸ್ಲೈಡುಗಳನ್ನು ತೋರಿಸುತ್ತಾನೆ. ಮಾತಿನ ಧಾಟಿ ವಿಜ್ಞಾನದ್ದು, ಸರಕು ವಿಷದ್ದು. ಅವನಿಗೆ ಬುದ್ಧಿ ಕಲಿಸಲೆಂದು ಜೊತೆಯವರು ರಾತ್ರಿ ಮಲಗಿದಲ್ಲೇ ಅವನ ಕೂದಲಿಗೆ, ಮುಖಕ್ಕೆ ಬಣ್ಣ ಬಳಿಯುತ್ತಾರೆ. ಬೆಳಿಗ್ಗೆ ಎದ್ದು ಕನ್ನಡಿ ನೋಡಿದರೆ ತಾನೇ ಜಿಂಜರ್! ಇನ್ನೊಬ್ಬ ಕತೆಗಾರನಾಗಿದ್ದರೆ ಇಲ್ಲಿಗೆ ಹುಡುಗ ಪಶ್ಚಾತ್ತಾಪಪಟ್ಟು ಒಳ್ಳೆಯವನಾಗುತ್ತಿದ್ದ. ಕಾರ್ಟ್‌ಮನ್ ಆಗುವುದಿಲ್ಲ. ಅವನು ಕೆಂಪು ಕೂದಲಿನವರ ಹಕ್ಕಿನ ಸಂಘ ಕಟ್ಟುತ್ತಾನೆ, ಕ್ರಮೇಣ ಕೆಂಪು ಕೂದಲಿನವರೇ ಶ್ರೇಷ್ಠರು ಎನ್ನುತ್ತಾನೆ, ಕೊನೆಗೆ ಉಳಿದವರನ್ನೆಲ್ಲ ಮುಗಿಸಬೇಕು ಎಂದು ದಂಡು ಹೊರಡಿಸುತ್ತಾನೆ. ಆ ಹೊತ್ತಿಗೆ ಕೈಲ್ ಅವನ ಕಿವಿಯಲ್ಲಿ ಹೇಳುತ್ತಾನೆ: ನೀನು ಜಿಂಜರ್ ಅಲ್ಲ, ಅದು ಬರೀ ಬಣ್ಣ. ತಾನೇ ಕಟ್ಟಿದ ದಂಡು ತನ್ನನ್ನೇ ಕೊಲ್ಲುತ್ತದೆ ಎಂದು ತಿಳಿದೊಡನೆ ಕಾರ್ಟ್‌ಮನ್ ತಿರುಗಿ ನಿಂತು, ಎಲ್ಲರೂ ಕೂಡಿ ಬಾಳೋಣ ಎಂದು ಭಾಷಣ ಬಿಗಿಯುತ್ತಾನೆ!

ದ್ವೇಷವೆನ್ನುವುದು ಒಂದು ತತ್ತ್ವವಲ್ಲ, ಬದಿ ಬದಲಾದರೂ ಬದಲಾಗದ ಒಂದು ಚಾಳಿ ಎಂಬುದನ್ನು ಇಪ್ಪತ್ತೆರಡು ನಿಮಿಷಗಳಲ್ಲಿ ಇಷ್ಟು ಚೆನ್ನಾಗಿ ತೋರಿಸಿದ ಬರಹ ಅಪರೂಪ. ಕೋಮುವಾದದ ಬಗ್ಗೆ ನಮ್ಮಲ್ಲಿ ಬರೆದ ಎಷ್ಟೋ ಒಣ ಕತೆಗಳಿಗಿಂತ ಇದು ಮೇಲು. ಹೀಗಿದ್ದೂ ಕಲಬಾಸಸ್‌ನ ಹುಡುಗರ ಕೈಗೆ ಸಿಕ್ಕಿದ್ದು ಕಂತಿನ ಮೊದಲ ಐದು ನಿಮಿಷ ಮಾತ್ರ. ಆ ‘ವರದಿ’ಯ ತುಣುಕು. ಅದೊಂದನ್ನೇ ಕತ್ತರಿಸಿ ನೋಡಿದರೆ ಅದು ನಿಜವಾಗಿಯೂ ನಗು ಬರಿಸುವ, ಬಾಯಿಪಾಠ ಮಾಡಿ ತರಗತಿಯಲ್ಲಿ ಒಪ್ಪಿಸಬಹುದಾದ ಒಂದು ಬೈಗುಳದ ಪಾಠ. ಮುಂದಿನ ಕತೆ, ಬಣ್ಣ ಬಳಿಯುವುದು, ದಂಡು, ಆ ಕಪಟ ಭಾಷಣ ಯಾವುದೂ ಶಾಲೆಯ ಅಂಗಳಕ್ಕೆ ಬರಲಿಲ್ಲ.

ಇದು ಹೊಸ ಸಂಗತಿಯೇನಲ್ಲ. 1971ರಲ್ಲಿ ಅಮೆರಿಕದ ಟಿ.ವಿ.ಯಲ್ಲಿ ನಾರ್ಮನ್ ಲಿಯರ್ ಅವರ ‘ಆಲ್ ಇನ್ ದಿ ಫ್ಯಾಮಿಲಿ’ ಶುರುವಾದಾಗಲೇ ಈ ಚರ್ಚೆ ಎದ್ದಿತ್ತು. ಅದರಲ್ಲಿ ಆರ್ಚಿ ಬಂಕರ್ ಎಂಬ ನಡುವಯಸ್ಸಿನ ಕೂಲಿಗಾರ ಕರಿಯರನ್ನು, ಯಹೂದಿಗಳನ್ನು, ಹೆಂಗಸರನ್ನು ಮನೆಯ ಕುರ್ಚಿಯಲ್ಲಿ ಕೂತು ಬೈಯುತ್ತಾನೆ. ಅವನ ಅಜ್ಞಾನ ನೋಡಿ ಜನ ನಗುತ್ತಾರೆ, ನಕ್ಕು ತಿದ್ದಿಕೊಳ್ಳುತ್ತಾರೆ ಎಂಬುದು ಲಿಯರ್ ಅವರ ನಂಬಿಕೆ. 1974ರಲ್ಲಿ ನೀಲ್ ವಿಡ್ಮಾರ್ ಮತ್ತು ಮಿಲ್ಟನ್ ರೊಕೀಚ್ ಎಂಬ ಇಬ್ಬರು ವಿದ್ವಾಂಸರು ಅಮೆರಿಕದ ಹದಿಹರೆಯದ ವಿದ್ಯಾರ್ಥಿಗಳನ್ನೂ ಕೆನಡಾದ ವಯಸ್ಕರನ್ನೂ ಪ್ರಶ್ನಿಸಿ ಒಂದು ಅಧ್ಯಯನ ಪ್ರಕಟಿಸಿದರು. ಪೂರ್ವಗ್ರಹ ಇದ್ದವರೂ ನಕ್ಕರು, ಇಲ್ಲದವರೂ ನಕ್ಕರು. ಆದರೆ ಪೂರ್ವಗ್ರಹ ಇದ್ದವರು ಆರ್ಚಿಯನ್ನು ಮೆಚ್ಚಿ ನಕ್ಕರು; ಅವನನ್ನು ಎದುರಿಸುವ ಅಳಿಯನನ್ನು ನೋಡಿ ನಕ್ಕರು. ಒಂದೇ ಕೋಣೆ, ಒಂದೇ ನಗು, ಒಳಗೆ ಎರಡು ಬೇರೆ ಬೇರೆ ಅರ್ಥ.

ಪಾರ್ಕರ್ ಮತ್ತು ಸ್ಟೋನ್ ತಾವು ಕಾರ್ಟ್‌ಮನ್‌ನನ್ನು ಕಟ್ಟಿದ್ದು ಆರ್ಚಿ ಬಂಕರ್‌ನ ಅಚ್ಚಿನಲ್ಲಿ ಎಂದು ಹೇಳಿಕೊಂಡಿದ್ದಾರೆ. ನಾರ್ಮನ್ ಲಿಯರ್ ಕೂಡ 2003ರಲ್ಲಿ ಸೌತ್ ಪಾರ್ಕ್‌ನ ಬರವಣಿಗೆಗೆ ಸ್ವಲ್ಪ ಕಾಲ ಕೈಜೋಡಿಸಿದರು. ಅಚ್ಚಿನ ಜೊತೆ ಅಚ್ಚಿನ ಬಿರುಕೂ ಬಂದಿತು ಎನ್ನಬೇಕು. ಆರ್ಚಿಯನ್ನಾದರೂ ನೋಡಿದವರಲ್ಲಿ ದೊಡ್ಡವರು ಬಹಳ ಮಂದಿ ಇದ್ದರು. ಕಾರ್ಟ್‌ಮನ್ ಸ್ವತಃ ಶಾಲೆಯ ಹುಡುಗ. ಬ್ರಿಟನ್ನಿನಲ್ಲಿ 1999ರಲ್ಲಿ ಎಂಟು ಒಂಬತ್ತು ವರ್ಷದ ಮಕ್ಕಳನ್ನು ನಿಮ್ಮ ಮೆಚ್ಚಿನ ವ್ಯಕ್ತಿ ಯಾರು ಎಂದು ಕೇಳಿದರೆ ಅವರು ಆರಿಸಿದ್ದು ಕಾರ್ಟ್‌ಮನ್‌ನನ್ನು. ಆ ಮಕ್ಕಳು ನೋಡಲೇಬಾರದೆಂದು ನಿಯಮವಿದ್ದ ಕಾರ್ಯಕ್ರಮ ಅದು.

ಕತೆ ಬರೆಯುವವರೆಲ್ಲರಿಗೂ ಗೊತ್ತಿರುವ ಒಂದು ಸಂಗತಿಯಿದೆ. ಕತೆಯಲ್ಲಿ ಒಳ್ಳೆಯವನಿಗೆ ಒಳ್ಳೆಯತನವಷ್ಟೇ ಇರುತ್ತದೆ, ಕೆಟ್ಟವನಿಗೆ ಮಾತು ಇರುತ್ತದೆ. ಓದುಗ ಮನೆಗೆ ಒಯ್ಯುವುದು ಮಾತನ್ನು. ಕೈಲ್ ಎಷ್ಟೋ ಕಂತುಗಳ ಕೊನೆಗೆ ತಾನು ಇಂದು ಕಲಿತದ್ದೇನು ಎಂದು ಒಂದು ಪುಟ್ಟ ಉಪದೇಶ ಮಾಡುತ್ತಿದ್ದ. ಅದನ್ನು ಯಾವ ಮಗುವೂ ಅಂಗಳದಲ್ಲಿ ಅಭಿನಯಿಸಲಿಲ್ಲ. ನಮ್ಮ ಬಯಲಾಟದ ಮೇಳಗಳಲ್ಲಿಯೂ ಹುಡುಗರು ಅನುಕರಿಸುವುದು ರಕ್ಕಸನ ಅಬ್ಬರವನ್ನೇ ಹೊರತು ಧರ್ಮರಾಯನ ಶಾಂತಿಯನ್ನಲ್ಲ. ಆದರೆ ಬಯಲಾಟ ಬೆಳಗಾಗುವವರೆಗೆ ನಡೆಯುತ್ತಿತ್ತು, ರಕ್ಕಸ ಸತ್ತದ್ದನ್ನು ನೋಡಿಯೇ ಮಕ್ಕಳು ಮನೆಗೆ ಹೋಗುತ್ತಿದ್ದರು. ತುಣುಕಿನಲ್ಲಿ ರಕ್ಕಸ ಸಾಯುವುದಿಲ್ಲ.

ಇನ್ನು ಬೈಗುಳದ ವಿಷಯ. 1998ರಲ್ಲಿ ಅಮೆರಿಕದ ಎಷ್ಟೋ ಶಾಲೆಗಳು ಈ ಹುಡುಗರ ಚಿತ್ರವಿದ್ದ ಟೀ ಶರ್ಟುಗಳನ್ನು ನಿಷೇಧಿಸಿದವು. ಅದಕ್ಕೂ ಮೊದಲು 1990ರಲ್ಲಿ ‘ದಿ ಸಿಂಪ್ಸನ್ಸ್’ನ ಬಾರ್ಟ್ ಎಂಬ ಪೋಕರಿಯ ಶರ್ಟಿಗೂ ಇದೇ ಗತಿಯಾಗಿತ್ತು; 1992ರಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಸೀನಿಯರ್ ಅಮೆರಿಕದ ಕುಟುಂಬಗಳು ಸಿಂಪ್ಸನ್ ಕುಟುಂಬದಂತೆ ಆಗಬಾರದು ಎಂದು ಭಾಷಣದಲ್ಲೇ ಹೇಳಿದ್ದರು. 1993ರಲ್ಲಿ ಎಂಟಿವಿಯ ‘ಬೀವಿಸ್ ಅಂಡ್ ಬಟ್‌ಹೆಡ್’ ಬಂದ ವರ್ಷ ಓಹಿಯೋದಲ್ಲಿ ಐದು ವರ್ಷದ ಮಗುವೊಂದು ಹಚ್ಚಿದ ಬೆಂಕಿಯಲ್ಲಿ ಎರಡು ವರ್ಷದ ತಂಗಿ ಸತ್ತಳು. ಕಾರ್ಟೂನು ನೋಡಿಯೇ ಮಗು ಬೆಂಕಿಯಾಟ ಕಲಿಯಿತು ಎಂದು ತಾಯಿ ಹೇಳಿದಳು. ಆ ಮನೆಗೆ ಕೇಬಲ್ಲೇ ಇರಲಿಲ್ಲ ಎಂದು ನೆರೆಹೊರೆಯವರು ಹೇಳಿದರು. ಎಂಟಿವಿ ಕಾರ್ಯಕ್ರಮವನ್ನು ರಾತ್ರಿ ಹೊತ್ತಿಗೆ ತಳ್ಳಿ, ಬೆಂಕಿಯ ಮಾತುಗಳನ್ನೆಲ್ಲ ಕತ್ತರಿಸಿತು. ಐದು ವರ್ಷದ ಮಗುವಿನ ಕೈಗೆ ಬೆಂಕಿ ಸಿಕ್ಕಿದ್ದು ಹೇಗೆ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಮರೆಯಾಯಿತು.

ಈ ಮರೆವನ್ನೇ ಸೌತ್ ಪಾರ್ಕ್‌ನವರು 1999ರಲ್ಲಿ ಸಿನಿಮಾ ಮಾಡಿದರು. ಕೆನಡಾದ ಒಂದು ಹೊಲಸು ಸಿನಿಮಾಕ್ಕೆ ಕದ್ದು ಹೋದ ನಾಲ್ವರು ಹುಡುಗರು ಕೆಟ್ಟ ಮಾತು ಕಲಿತು ಬರುತ್ತಾರೆ. ಊರಿನ ತಾಯಂದಿರು ಮಕ್ಕಳ ಜೊತೆ ಕೂತು ಮಾತಾಡುವ ಬದಲು ಕೆನಡಾವನ್ನೇ ದೂರುತ್ತಾರೆ, ದೂರು ಯುದ್ಧವಾಗಿ ಬೆಳೆಯುತ್ತದೆ. ಅದರ ಒಂದು ಹಾಡು ಆಸ್ಕರ್‌ಗೆ ನಾಮಕರಣವಾಯಿತು. 399 ಬೈಗುಳಗಳಿಂದಾಗಿ ಸಿನಿಮಾ ಗಿನ್ನೆಸ್ ಪುಸ್ತಕವನ್ನೂ ಸೇರಿತು. ಅದು ತೆರೆಕಂಡದ್ದು ಜೂನ್ 30ರಂದು. ಅದಕ್ಕೆ ಎರಡು ತಿಂಗಳ ಹಿಂದೆ, ಏಪ್ರಿಲ್ 20ರಂದು, ಅದೇ ಕೊಲರಾಡೋದ ಕೊಲಂಬೈನ್ ಹೈಸ್ಕೂಲಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿ ಹದಿಮೂರು ಮಂದಿಯನ್ನು ಕೊಂದಿದ್ದರು. ಇಡೀ ದೇಶ ವಿಡಿಯೋ ಗೇಮನ್ನು, ರಾಕ್ ಸಂಗೀತವನ್ನು ದೂರುತ್ತಿದ್ದ ಬೇಸಿಗೆ ಅದು. ಬಂದೂಕಿನ ಅಂಗಡಿಯನ್ನು ಬಿಟ್ಟು ಉಳಿದದ್ದನ್ನೆಲ್ಲ ದೂರಿದ ಬೇಸಿಗೆ ಎಂದರೆ ಹೆಚ್ಚು ಸರಿ. ಆ ಸಿನಿಮಾದ ವಾದವನ್ನು ನಾನು ಬಹುಪಾಲು ಒಪ್ಪುತ್ತೇನೆ. ಆದರೂ ಅದರಲ್ಲೊಂದು ಜಾಣ ನುಣುಚು ಇದೆ. ತನ್ನ ಮೇಲೆ ಬರಬಹುದಾದ ಎಲ್ಲ ಆಕ್ಷೇಪವನ್ನೂ ಮೊದಲೇ ಹಾಸ್ಯ ಮಾಡಿ ಮುಗಿಸಿಬಿಟ್ಟರೆ ಆಮೇಲೆ ಆಕ್ಷೇಪಿಸಿದವರೆಲ್ಲ ಆ ಸಿನಿಮಾದ ಪೆದ್ದ ತಾಯಂದಿರಂತೆ ಕಾಣುತ್ತಾರೆ. ಪ್ರತಿ ಕಂತಿಗೂ ಮೊದಲು ‘ಇದನ್ನು ಯಾರೂ ನೋಡಬಾರದು’ ಎಂಬರ್ಥದ ಒಂದು ಎಚ್ಚರಿಕೆ ಬರುತ್ತದಲ್ಲ, ಅದೂ ಇಂಥದೇ. ಹದಿಮೂರು ವರ್ಷದ ಹುಡುಗನಿಗೆ ಅದಕ್ಕಿಂತ ದೊಡ್ಡ ಆಮಂತ್ರಣ ಪತ್ರಿಕೆ ಬೇರೆ ಬೇಕೇ?

ಕಾನೂನಿನ ಮಾತು ಚಿಕ್ಕದು. ಕಾರ್ಯಕ್ರಮಕ್ಕೆ ‘ವಯಸ್ಕರಿಗೆ ಮಾತ್ರ’ ಎಂಬ ಮುದ್ರೆ ಇದೆ. ಟಿ.ವಿ.ಯೊಳಗೆ ತಡೆಯಂತ್ರವಿರಬೇಕು ಎಂಬ ಕಾಯ್ದೆಯನ್ನು ಅಮೆರಿಕ 1996ರಲ್ಲೇ ಮಾಡಿತು. ಕಂಪ್ಯೂಟರು, ಮೊಬೈಲು ಬಂದ ಮೇಲೆ ಆ ಬೀಗಕ್ಕೆ ಬಾಗಿಲೇ ಇಲ್ಲದಂತಾಯಿತು.

ಬೈಗುಳಕ್ಕಿಂತ ಆಳಕ್ಕೆ ಇಳಿಯುವುದು ಇನ್ನೊಂದು ಕಲಿಕೆ. 2004ರ ಅಕ್ಟೋಬರ್ 27ರಂದು, ಬುಷ್ ಮತ್ತು ಕೆರ್ರಿ ನಡುವಿನ ಚುನಾವಣೆಗೆ ಇನ್ನು ಆರು ದಿನ ಇದೆ ಎನ್ನುವಾಗ ಒಂದು ಕಂತು ಬಂತು. ಶಾಲೆಯಲ್ಲಿ ಹೊಸ ಲಾಂಛನಕ್ಕೆ ಚುನಾವಣೆ. ಅಭ್ಯರ್ಥಿಗಳು ಎರಡು ಹೊಲಸು ವಸ್ತುಗಳು. ಇಂಥ ಮತಕ್ಕೆ ಅರ್ಥವೇನು ಎಂದು ಸ್ಟ್ಯಾನ್ ಕೇಳುತ್ತಾನೆ. ನಗು ಬರುತ್ತದೆ, ನಿಜ. ಎಲ್ಲ ಚುನಾವಣೆಗಳೂ ಸ್ವಲ್ಪಮಟ್ಟಿಗೆ ಹಾಗೆಯೇ ಎಂದು ನಮಗೂ ಅನ್ನಿಸುವುದಿಲ್ಲವೇ? ಆದರೆ ಇರಾಕಿನ ಮೇಲೆ ಬಾಂಬು ಬೀಳುತ್ತಿದ್ದ ವರ್ಷ ಅದು. ಇಬ್ಬರೂ ಒಂದೇ ಎಂಬ ಮಾತನ್ನು ಕೊಲರಾಡೋದಲ್ಲಿ ಕೂತವನು ಹೇಳಬಹುದು, ಫಲ್ಲೂಜಾದವನು ಹೇಳಲಾರ.

2006ರ ಏಪ್ರಿಲಿನಲ್ಲಿ ಇದೇ ಧಾಟಿಯಲ್ಲಿ ಅಲ್ ಗೋರ್ ಅವರನ್ನು ಗೇಲಿ ಮಾಡಿದರು. ಭೂಮಿ ಬಿಸಿಯೇರುತ್ತಿದೆ ಎಂದು ಊರೂರು ತಿರುಗಿ ಹೇಳುತ್ತಿದ್ದ ಆ ಮಾಜಿ ಉಪಾಧ್ಯಕ್ಷರನ್ನು, ಅರ್ಧ ಮನುಷ್ಯ ಅರ್ಧ ಕರಡಿ ಅರ್ಧ ಹಂದಿಯಾದ ‘ಮ್ಯಾನ್‌ಬೇರ್‌ಪಿಗ್’ ಎಂಬ ಇಲ್ಲದ ಪ್ರಾಣಿಯನ್ನು ಹುಡುಕುವ ತಿಕ್ಕಲನನ್ನಾಗಿ ತೋರಿಸಿದರು. ಒಂದು ತಲೆಮಾರಿನ ಹುಡುಗರಿಗೆ ಹವಾಮಾನದ ಮಾತು ಎತ್ತಿದವರನ್ನು ಕೂರಿಸಲು ಆ ಒಂದು ಶಬ್ದ ಸಾಕಾಯಿತು. ಹನ್ನೆರಡು ವರ್ಷದ ಬಳಿಕ, 2018ರ ನವೆಂಬರಿನಲ್ಲಿ, ಅದೇ ಪ್ರಾಣಿ ಊರಿಗೆ ನುಗ್ಗಿ ಜನರನ್ನು ಹರಿಯುವ ಎರಡು ಕಂತುಗಳನ್ನು ಮಾಡಿ ಹುಡುಗರು ಅಲ್ ಗೋರ್ ಅವರ ಕ್ಷಮೆ ಕೇಳುವಂತೆ ಬರೆದರು. ದೊಡ್ಡ ಮಾತೇ. ಟಿ.ವಿ.ಯ ಮಂದಿ ಹೀಗೆ ಮಾತು ಹಿಂತೆಗೆದುಕೊಂಡದ್ದು ಕಡಿಮೆ. ಆದರೆ 2006ರಲ್ಲಿ ಹದಿನೈದರ ಹುಡುಗನಾಗಿದ್ದವನು ಅಷ್ಟರಲ್ಲಿ ಇಪ್ಪತ್ತೇಳರ ಮತದಾರನಾಗಿದ್ದ.

ಯಾವುದನ್ನಾದರೂ ನಂಬಿ ದನಿಯೆತ್ತುವವನೇ ನಗೆಪಾಟಲು, ಏನನ್ನೂ ನಂಬದೆ ಸೋಫಾದಲ್ಲಿ ಒರಗಿದವನೇ ಜಾಣ ಎಂಬ ಈ ಪಾಠಕ್ಕೆ ಯಾವ ಬೈಗುಳವೂ ಬೇಕಿಲ್ಲ. ಇದಕ್ಕೆ ‘ಬೀಪ್’ ಹಾಕಲೂ ಬರುವುದಿಲ್ಲ.

ಉರ್ದುವಿನಲ್ಲಿ ‘ಹಜ್ವ್’ ಎಂಬ ಒಂದು ಪ್ರಕಾರವಿದೆ, ಬೈಗುಳದ ಕಾವ್ಯ. ಹದಿನೆಂಟನೆಯ ಶತಮಾನದ ಮಿರ್ಜಾ ಸೌದಾ ಅದರಲ್ಲಿ ಎತ್ತಿದ ಕೈ. ಅವರು ಸಾಹುಕಾರರನ್ನೂ ಬಿಡಲಿಲ್ಲ, ಸೋತು ಸುಣ್ಣವಾದ ದಿಲ್ಲಿಯ ಆಡಳಿತವನ್ನೂ ಬಿಡಲಿಲ್ಲ. ಓದಿದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಹತ್ತಿರದಲ್ಲೇ ನೋಡುವುದಾದರೆ ನಮ್ಮ ಗುಲ್ಬರ್ಗದ ಸುಲೇಮಾನ್ ಖತೀಬ್ ದಖನಿಯಲ್ಲಿ ಅತ್ತೆ ಸೊಸೆಯರ ಜಗಳವನ್ನು ಬರೆದು ಮುಶಾಯಿರಾಗಳಲ್ಲಿ ಜನರನ್ನು ಬಿದ್ದು ಬಿದ್ದು ನಗಿಸುತ್ತಿದ್ದರು. ಆ ಸಭೆಯಲ್ಲಿ ಅತ್ತೆಯರೂ ಇರುತ್ತಿದ್ದರು, ಸೊಸೆಯರೂ ಇರುತ್ತಿದ್ದರು. ಒರಟು ಹಾಸ್ಯವೆಂದರೆ ಮೂಗು ಮುರಿಯುವ ಮಡಿವಂತಿಕೆ ನಮ್ಮ ಪರಂಪರೆಯದಲ್ಲ ಎನ್ನುವುದಕ್ಕೆ ಇದನ್ನು ಹೇಳಿದೆ. ಗೇಲಿಗೊಳಗಾದವನೂ ಅದೇ ಜಮಖಾನೆಯ ಮೇಲೆ ಕೂತಿದ್ದರೆ ನಗುವಿನ ಬಣ್ಣವೇ ಬೇರೆ.

ಸೌತ್ ಪಾರ್ಕ್‌ನಲ್ಲಿಯೂ ಅಂಥ ನಗು ಇದೆ. 2000ದ ಇಸವಿಯಲ್ಲಿ ಟಿಮ್ಮಿ ಎಂಬ ಗಾಲಿಕುರ್ಚಿಯ ಹುಡುಗ ಬಂದ. ತನ್ನ ಹೆಸರೊಂದನ್ನು ಬಿಟ್ಟರೆ ಅವನಿಗೆ ಹೆಚ್ಚು ಮಾತು ಬಾರದು. ಅವನನ್ನು ಒಂದು ವಾದ್ಯತಂಡ ಹಾಡುಗಾರನನ್ನಾಗಿ ಸೇರಿಸಿಕೊಳ್ಳುತ್ತದೆ. ದೊಡ್ಡವರು ಅಯ್ಯೋ ಪಾಪ, ಇದು ಶೋಷಣೆ ಎಂದು ಬೊಬ್ಬೆ ಹಾಕುತ್ತಾರೆ. ಟಿಮ್ಮಿಗೆ ಮಾತ್ರ ಹಾಡುವುದೇ ಖುಷಿ. ಮೇಲುನೋಟಕ್ಕೆ ಅಂಗವಿಕಲರ ಅಣಕ. ಆದರೆ 2005ರಲ್ಲಿ ಬಿಬಿಸಿಯವರ ಅಂಗವಿಕಲರ ತಾಣ ನಡೆಸಿದ ಮತಸಂಗ್ರಹದಲ್ಲಿ ಟಿ.ವಿ.ಯ ಶ್ರೇಷ್ಠ ಅಂಗವಿಕಲ ಪಾತ್ರವೆಂದು ಆಯ್ಕೆಯಾದದ್ದು ಈ ಟಿಮ್ಮಿಯೇ. ಕರುಣೆಯಿಂದ ಬೇಸತ್ತವರಿಗೆ ಆ ಒರಟುತನದಲ್ಲೇ ಗೌರವ ಕಂಡಿರಬೇಕು.

ಇನ್ನು ನಮ್ಮ ಓದುಗರು ಇಷ್ಟು ಹೊತ್ತು ಕಾಯುತ್ತಿರುವ ವಿಷಯ. 2001ರ ಜುಲೈ 4ರ ಕಂತೊಂದರಲ್ಲಿ ಏಸು, ಮೋಸೆಸ್, ಬುದ್ಧ, ಕೃಷ್ಣ ಮುಂತಾದವರ ಜೊತೆ ಪ್ರವಾದಿ(ಸ)ಯವರನ್ನೂ ಚಿತ್ರಿಸಲಾಗಿತ್ತು. ಅಂದು ಯಾರೂ ಗದ್ದಲ ಮಾಡಲಿಲ್ಲ. ಡೆನ್ಮಾರ್ಕಿನ ಪತ್ರಿಕೆಯ ವ್ಯಂಗ್ಯಚಿತ್ರಗಳ ಗಲಭೆಯ ಬಳಿಕ, 2006ರಲ್ಲಿ ಅವರು ಮತ್ತೆ ಅದನ್ನೇ ಮಾಡಹೊರಟಾಗ ಚಾನೆಲ್ಲು ತಡೆಯಿತು. 2010ರ ಏಪ್ರಿಲ್ 14ರಂದು ಇನ್ನೂರನೆಯ ಕಂತು ಬಂತು. ಅದರಲ್ಲಿ ಕರಡಿಯ ವೇಷದೊಳಗೆ ಪ್ರವಾದಿಯವರು ಇದ್ದಾರೆ ಎಂದು ಹೇಳಿ ಏನನ್ನೂ ತೋರಿಸಲಿಲ್ಲ. ಮುಂದಿನ ವಾರ ವೇಷ ಕಳಚಿದರೆ ಒಳಗಿದ್ದದ್ದು ಸಾಂತಾ ಕ್ಲಾಸ್. ಆ ಎರಡು ವಾರಗಳ ನಡುವೆ ನ್ಯೂಯಾರ್ಕಿನ ಒಂದು ಸಣ್ಣ ತಂಡದ ಜಾಲತಾಣದಲ್ಲಿ, 2004ರಲ್ಲಿ ಕೊಲೆಯಾದ ಡಚ್ ನಿರ್ದೇಶಕ ಥಿಯೋ ವಾನ್ ಗೋಗನ ಗತಿಯೇ ಇವರಿಗೂ ಆದೀತು ಎಂಬ ‘ಎಚ್ಚರಿಕೆ’ ಪ್ರಕಟವಾಯಿತು. ಬರೆದವನು ಇಪ್ಪತ್ತು ವರ್ಷದ, ವರ್ಜೀನಿಯಾದಲ್ಲಿ ಬೆಳೆದು ಆಗಷ್ಟೇ ಮತಾಂತರಗೊಂಡಿದ್ದ ಅಮೆರಿಕನ್ ಯುವಕ. 2011ರಲ್ಲಿ ಅವನಿಗೆ ಇಪ್ಪತ್ತೈದು ವರ್ಷ ಜೈಲಾಯಿತು. ಸೌತ್ ಪಾರ್ಕ್ ಶುರುವಾದಾಗ ಅವನೂ ಒಂದು ಅಮೆರಿಕನ್ ಮಗುವೇ. ಕಲಬಾಸಸ್‌ನ ಹುಡುಗರಿಗೂ ಅವನಿಗೂ ನಡುವಿನ ಅಂತರ ಕೆಲವೇ ವರ್ಷ.

ಪ್ರವಾದಿಯವರನ್ನು ಹಾಸ್ಯದ ಬೊಂಬೆ ಮಾಡುವುದು ನಮಗೆ ನೋವು ಕೊಡುತ್ತದೆ. ಇದನ್ನು ಮುಚ್ಚಿಟ್ಟು ‘ನಾವು ಬಹಳ ಆಧುನಿಕರು’ ಎಂದು ತೋರಿಸಿಕೊಳ್ಳುವ ಅಗತ್ಯ ನನಗಿಲ್ಲ. ನೊಂದವನಿಗೆ ನೋಡದಿರುವ, ಬರೆಯುವ, ಪ್ರತಿಭಟಿಸುವ, ತನ್ನ ಮಕ್ಕಳಿಗೆ ಪ್ರವಾದಿಯವರ ಬದುಕನ್ನು ಹೇಳುವ ದಾರಿಗಳಿವೆ. ಆ ಬೆದರಿಕೆ ಮಾಡಿದ್ದೇನು? ಚಾನೆಲ್ಲು ಹೆದರಿ ಹೆಸರು ಬಂದಲ್ಲೆಲ್ಲ ಬೀಪ್ ಹಾಕಿತು, ಕೊನೆಯ ಭಾಷಣವನ್ನು ಪೂರ್ತಿ ಬೀಪ್ ಮಾಡಿತು. ಭಾಷಣದಲ್ಲಿ ಪ್ರವಾದಿಯವರ ಹೆಸರೇ ಇರಲಿಲ್ಲ, ಅದಿದ್ದದ್ದು ಭಯ ಹುಟ್ಟಿಸುವುದರ ಬಗ್ಗೆ ಎಂದು ರಚನೆಕಾರರು ತಿಳಿಸಿದರು. ಒಂದು ತಿಂಗಳೊಳಗೆ, ಮೇ 20ಕ್ಕೆ, ‘ಎಲ್ಲರೂ ಚಿತ್ರ ಬರೆಯುವ ದಿನ’ ಎಂಬ ಕರೆ ಫೇಸ್‌ಬುಕ್ಕಿನಲ್ಲಿ ಹಬ್ಬಿ ಸಾವಿರಾರು ಹೊಲಸು ಚಿತ್ರಗಳು ಬಂದವು. ಪಾಕಿಸ್ತಾನ ಫೇಸ್‌ಬುಕ್ಕನ್ನೇ ಮುಚ್ಚಿತು. ಆ ಕಲ್ಪನೆಯನ್ನು ಮೊದಲು ತಮಾಷೆಗೆ ಬರೆದು, ಆಮೇಲೆ ತನಗೆ ಅದರ ಸಂಬಂಧವೇ ಬೇಡ ಎಂದ ಸಿಯಾಟಲ್‌ನ ವ್ಯಂಗ್ಯಚಿತ್ರಕಾರ್ತಿ ಜೀವಭಯದಿಂದ ಹೆಸರು ಬದಲಿಸಿ ಕಣ್ಮರೆಯಾಗಬೇಕಾಯಿತು. ವೇಷದೊಳಗೆ ಸಾಂತಾ ಕ್ಲಾಸ್ ಇದ್ದ ಒಂದು ಕಂತಿಗಾಗಿ ಇಷ್ಟೆಲ್ಲ. ಅಲ್ಲಿನ ಹದಿಹರೆಯದವರು ಇದರಿಂದ ಪ್ರವಾದಿಯವರ ಬಗ್ಗೆ ಏನನ್ನೂ ಕಲಿಯಲಿಲ್ಲ. ಮುಸ್ಲಿಮರ ಬಗ್ಗೆ ಒಂದನ್ನು ಕಲಿತರು: ಇವರ ಜೊತೆ ನಗುವಂತಿಲ್ಲ.

ಈ ಗದ್ದಲದ ನಡುವೆ ನಾವು ಗಮನಿಸಬೇಕಾಗಿದ್ದ ಬೇರೊಂದು ಕಂತು ಯಾರ ಕಣ್ಣಿಗೂ ಬೀಳದೆ ಹೋಯಿತು. 2007ರ ಮಾರ್ಚ್ 28ರಂದು ಬಂದದ್ದು. ತರಗತಿಗೆ ಬಾಹಿರ್ ಎಂಬ ಹೊಸ ಮುಸ್ಲಿಂ ಹುಡುಗ ಸೇರುತ್ತಾನೆ. ಕಾರ್ಟ್‌ಮನ್ ನೋಡಿದೊಡನೆ ಇವನು ಬಾಂಬಿಡಲು ಬಂದವನೇ ಎಂದು ತೀರ್ಮಾನಿಸಿ ಶಾಲೆಯನ್ನೇ ಖಾಲಿ ಮಾಡಿಸಲು ಹೊರಡುತ್ತಾನೆ. ಬಾಂಬು ಇರುವುದು ನಿಜ. ಇಟ್ಟವರು ಬೇರೆಯವರು, ಬಿಳಿಯರು. ಕೊನೆಗೆ ಕಾರ್ಟ್‌ಮನ್ ಎದೆ ಸೆಟೆಸಿ, ತನ್ನ ಸಂಶಯಬುದ್ಧಿಯಿಂದಲೇ ದೇಶ ಉಳಿಯಿತು ಎನ್ನುತ್ತಾನೆ. ಕೈಲ್ ಅಲ್ಲ ಎಂದು ವಾದಿಸುತ್ತಾನೆ. ಮತ್ತೆ ಅದೇ ಆರ್ಚಿಯ ಕುರ್ಚಿ: ಬೇಕಾದವರು ಕೈಲ್‌ನನ್ನು ಆರಿಸಿಕೊಳ್ಳಬಹುದು, ಬೇಕಾದವರು ಕಾರ್ಟ್‌ಮನ್‌ನನ್ನು.

ಅದಕ್ಕೆ ಸರಿಯಾಗಿ ಮೂರು ವಾರ ಮೊದಲು, ಮಾರ್ಚ್ 7ರಂದು, ಅದೇ ಜನ ಇನ್ನೊಂದು ಕಂತು ಮಾಡಿದ್ದರು. ಸ್ಟ್ಯಾನ್‌ನ ಅಪ್ಪ ಟಿ.ವಿ.ಯ ಆಟವೊಂದರಲ್ಲಿ ಕರಿಯರನ್ನು ಹಳಿಯುವ ಅತ್ಯಂತ ಕೆಟ್ಟ ಶಬ್ದವನ್ನು ಉಚ್ಚರಿಸುತ್ತಾನೆ. ಮರುದಿನ ಸ್ಟ್ಯಾನ್ ಶಾಲೆಯ ಒಬ್ಬನೇ ಕರಿಯ ಹುಡುಗ ಟೋಕನ್‌ನ ಹತ್ತಿರ ಹೋಗುತ್ತಾನೆ. ಅಪ್ಪ ಕ್ಷಮೆ ಕೇಳಿದ್ದಾರೆ, ನನಗೆ ನಿನ್ನ ನೋವು ಗೊತ್ತು ಎಂದು ಮತ್ತೆ ಮತ್ತೆ ಸಮಾಧಾನ ಹೇಳುತ್ತಾನೆ. ನಿನಗೆ ಗೊತ್ತಿಲ್ಲ ಎನ್ನುತ್ತಾನೆ ಟೋಕನ್, ಪ್ರತಿ ಸಲವೂ. ಕೊನೆಗೊಮ್ಮೆ ಸ್ಟ್ಯಾನ್‌ಗೆ ಹೊಳೆಯುತ್ತದೆ: ಆ ಶಬ್ದ ನಿನಗೆ ಏನಾಗುತ್ತದೆ ಎಂಬುದು ನನಗೆ ಎಂದಿಗೂ ಗೊತ್ತಾಗಲಾರದು ಎಂದು ಅವನ ಮುಂದೆ ಹೇಳುತ್ತಾನೆ. ಈಗ ಗೊತ್ತಾಯಿತು ನಿನಗೆ ಎಂದು ಟೋಕನ್‌ನ ಮುಖ ಅರಳುತ್ತದೆ. ಆ ಹುಡುಗನನ್ನು ಅವರು ಹತ್ತು ವರ್ಷ ತರಗತಿಯಲ್ಲಿ ಕೂರಿಸಿಕೊಂಡಿದ್ದರು. ಅವನ ಮನೆ, ಅವನ ಅಪ್ಪ ಅಮ್ಮ, ಅವನ ಸಿಟ್ಟು ನೋಡುವವರಿಗೆ ಪರಿಚಯವಾಗಿತ್ತು. ಆದ್ದರಿಂದ ಅವನ ‘ಗೊತ್ತಿಲ್ಲ’ ಎಂಬ ಮಾತಿಗೆ ತೂಕ ಬಂತು.

ಬಾಹಿರ್ ಸಂಶಯಕ್ಕೆ ಗುರಿಯಾಗಲೆಂದೇ ಆ ಕಂತಿಗೆ ಬಂದವನು. ಅವನು ಹೊರಗೆ ನಿಂತಿದ್ದಾಗ ಅವನ ಹತ್ತಿರ ಹೋಗಿ ಮಾತಾಡುವ ಸ್ಟ್ಯಾನ್‌ನನ್ನು ಯಾರೂ ಬರೆಯಲಿಲ್ಲ.